ಬೇಸಿಗೆಯ ಅರಮನೆಯ ಒಂದು ಚಳಿಗಾಲ

ವಡೋದರದ ಫತೇಗಂಜ್‌ನಲ್ಲಿ ಬಾಡಿಗೆ ಮನೆ ನೋಡಲು ಹೋದ ದಿನ ಬಾಗಿಲು ತೆರೆದವರನ್ನು ಕಂಡು ನನ್ನ ಗಂಡ ತಬ್ಬಿಬ್ಬಾದರು. ನೂಲಿನ ಸೀರೆಯ ಸೆರಗನ್ನು ಗುಜರಾತಿ ಹೆಂಗಸರ ಹಾಗೆ ಬಲಭುಜದಿಂದ ಮುಂದಕ್ಕೆ ಇಳಿಬಿಟ್ಟುಕೊಂಡಿದ್ದ ಆಕೆಗೆ ನೀಲಿ ಕಣ್ಣು, ಬಿಸಿಲಿಗೆ ಕೆಂಪಾದ ಬಿಳಿ ಮೈ. ಇವರು ಬ್ಯಾಂಕಿನ ಇಂಗ್ಲಿಷಿನಲ್ಲಿ ಒಂದು ವಾಕ್ಯ ಜೋಡಿಸಿಕೊಳ್ಳುವಷ್ಟರಲ್ಲಿ ಆಕೆ ಅಪ್ಪಟ ಗುಜರಾತಿಯಲ್ಲಿ, “ಚಪ್ಪಲಿ ಅಲ್ಲೇ ಬಿಡಿ, ಈಗ ತಾನೇ ನೆಲ ಒರೆಸಿದ್ದೇನೆ” ಎಂದು ಗದರಿದರು. ನನಗೆ ಮನೆ ಆಗಲೇ ಒಪ್ಪಿಗೆಯಾಯಿತು. ನೆಲದ ಮೇಲೆ ಅಷ್ಟು ಕಾಳಜಿ ಇರುವ ಮನೆಯೊಡತಿ ನೀರನ್ನೂ ಹೊತ್ತಿಗೆ ಸರಿಯಾಗಿ ಬಿಡುತ್ತಾಳೆ ಎನ್ನುವುದು ಏಳೆಂಟು ಬಾಡಿಗೆ ಮನೆ ಕಂಡ ನನ್ನ ಅನುಭವ.

ಸೂರತ್‌ನಲ್ಲಿ ಪ್ಲೇಗ್ ಎಂದು ಗುಜರಾತೆಲ್ಲ ಮೂಗಿಗೆ ಕರವಸ್ತ್ರ ಕಟ್ಟಿಕೊಂಡು ಓಡಾಡಿತ್ತಲ್ಲ, ಅದರ ಮರುವರ್ಷದ ಮಾತು ಇದು. ಇವರಿಗೆ ಮೈಸೂರಿನಿಂದ ಇಲ್ಲಿನ ಗೋರ್ವಾದ ಬ್ಯಾಂಕ್ ಶಾಖೆಗೆ ವರ್ಗವಾಗಿತ್ತು. ಮಹಡಿಯಲ್ಲಿ ನಾವು: ನಾನು, ಇವರು, ಆರು ವರ್ಷದ ಮಗಳು, ಮತ್ತು ನಮ್ಮ ಅತ್ತೆ. ಕೆಳಗೆ ಮನೆಯೊಡತಿ ಒಬ್ಬರೇ. ಬೀದಿಯವರೆಲ್ಲ ಅವರನ್ನು ‘ಬಾ’ ಎನ್ನುತ್ತಿದ್ದರು, ಗುಜರಾತಿಯಲ್ಲಿ ಅಮ್ಮ ಎಂದು. ನಾವೂ ಹಾಗೆಯೇ ಕರೆದೆವು.

ಬಾ ಹುಟ್ಟಿದ್ದು ಪೋಲೆಂಡಿನಲ್ಲಿ. ಎರಡನೇ ಮಹಾಯುದ್ಧ ಶುರುವಾದಾಗ ರಷ್ಯದ ಸೈನಿಕರು ಬಂದು ಅವರನ್ನೂ ಅವರ ತಾಯಿಯನ್ನೂ ಸೈಬೀರಿಯದ ಕಡೆಗೆ ಸಾಗಿಸಿದ್ದರು. ತಾಯಿ ದಾರಿಯಲ್ಲೇ ಎಲ್ಲೋ ಜ್ವರದಲ್ಲಿ ತೀರಿಕೊಂಡರು. ಸೌರಾಷ್ಟ್ರದ ಮಹಾರಾಜರೊಬ್ಬರು ಸಮುದ್ರದ ದಡದಲ್ಲಿ ಶಿಬಿರ ಕಟ್ಟಿಸಿ ಪೋಲೆಂಡಿನ ಅನಾಥ ಮಕ್ಕಳನ್ನು ಇಟ್ಟುಕೊಂಡಿದ್ದರು. ಲಾರಿಗಳಲ್ಲಿ ಬಂದ ಆ ಮಕ್ಕಳಲ್ಲಿ ಬಾ ಕೂಡ ಒಬ್ಬರು. ಯುದ್ಧ ಮುಗಿದ ಮೇಲೆ ಉಳಿದ ಮಕ್ಕಳು ಎಲ್ಲೆಲ್ಲಿಗೋ ಹೋದರು. ಬಾ ದಾದಿಯಾಗಿ, ಗುಜರಾತಿ ವೈದ್ಯರೊಬ್ಬರನ್ನು ಮದುವೆಯಾಗಿ, ಇಲ್ಲೇ ಮಕ್ಕಳನ್ನು ಬೆಳೆಸಿದರು. ವೈದ್ಯರು ಈಗ ಗೋಡೆಯ ಮೇಲಿನ ಪಟ. ಮಗ ಸೂರತ್‌ನ ಕತಾರ್‌ಗಾಮ್‌ನಲ್ಲಿ ಬಟ್ಟೆ ಕಾರ್ಖಾನೆ ನಡೆಸುತ್ತಿದ್ದ.

ಸಂಜೆ ಅಂಗಳದಲ್ಲಿ ತೊಗರಿಕಾಯಿ ಸುಲಿಯುತ್ತ ಬಾ ಹೇಳುತ್ತಿದ್ದುದೆಲ್ಲ ಅರಮನೆಯ ಕಥೆ. ಅವರ ಅಪ್ಪನ ವಂಶದವರು ದೊಡ್ಡ ಜಮೀನುದಾರರು. ಮುತ್ತಜ್ಜ ತನ್ನ ಕೆಮ್ಮಿನ ಹೆಂಡತಿಗೆ ಒಳ್ಳೆಯ ಗಾಳಿ ಸಿಗಲೆಂದು ಊರಾಚೆ ಒಂದು ಬೇಸಿಗೆಯ ಅರಮನೆ ಕಟ್ಟಿಸಿದ. ನಕ್ಷೆ ಮಾಡಿದವನು ಇಟಲಿಯವನು. ಮುಂದಿನ ಕಂಬಗಳು ನೋಡಲು ಅಮೃತಶಿಲೆ, ಬೆರಳಿನಿಂದ ತಟ್ಟಿದರೆ ಮರ. ವರ್ಷದಲ್ಲಿ ಮೂರು ತಿಂಗಳು ಮಾತ್ರ ಅಲ್ಲಿ ಜನ. ಉಳಿದ ಕಾಲ ಕುರ್ಚಿಗಳಿಗೆಲ್ಲ ಬಿಳಿ ಬಟ್ಟೆ ಹೊದಿಸಿ ಬೀಗ. ಹಾಗಾಗಿ ಅಡುಗೆಮನೆ ಬಿಟ್ಟು ಬೇರೆಲ್ಲೂ ಬೆಂಕಿಯ ಒಲೆಯೇ ಇರಲಿಲ್ಲವಂತೆ. ಅಜ್ಜನ ಕಾಲದ ದಂಗೆಯಲ್ಲಿ ರಷ್ಯದ ದೊರೆಯ ಸೈನ್ಯ ನೃತ್ಯದ ಹಜಾರದಲ್ಲಿ ಕುದುರೆ ಕಟ್ಟಿತ್ತು. ಮೊದಲ ಮಹಾಯುದ್ಧದಲ್ಲಿ ಅದೇ ಹಜಾರ ಆಸ್ಪತ್ರೆ. ಆಮೇಲೆ ಮತ್ತೆ ಮೇಣ ತಿಕ್ಕಿ ನೃತ್ಯ. ಚಳಿಗಾಲದಲ್ಲಿ ಕಾವಲಿನವರು ಕೊಳದ ಮಂಜುಗಡ್ಡೆಯನ್ನು ಗರಗಸದಿಂದ ಕೊಯ್ದು ನೆಲಮಾಳಿಗೆಯಲ್ಲಿ ಹುಲ್ಲು ಮುಚ್ಚಿ ಇಡುತ್ತಿದ್ದರು. ಬೇಸಿಗೆಯಲ್ಲಿ ಅತಿಥಿಗಳಿಗೆ ಅದರಿಂದ ಐಸ್‌ಕ್ರೀಮು.

ಫ್ರಿಜ್ಜಿನಲ್ಲಿಟ್ಟ ಐಸೇ ಕರೆಂಟು ಹೋದರೆ ಅರ್ಧ ದಿನಕ್ಕೆ ನೀರಾಗುವ ಊರಿನಲ್ಲಿ ಕೂತು ಇದನ್ನು ನಂಬುವುದು ನನ್ನಿಂದಾಗಲಿಲ್ಲ. ದೂರದ ಬೆಟ್ಟ ನುಣ್ಣಗೆ ಎಂದುಕೊಳ್ಳುತ್ತಿದ್ದೆ. ಅರಮನೆಗೆ ವಾರಕ್ಕೊಂದು ಕೋಣೆ ಹೆಚ್ಚಾಗುತ್ತಿದೆ ಎಂದು ಇವರ ಹತ್ತಿರ ಆಡಿಕೊಂಡು ನಗುತ್ತಲೂ ಇದ್ದೆ. ಅತ್ತೆಗೆ ಮಾತ್ರ ಅನುಮಾನವೇ ಇರಲಿಲ್ಲ. ಮೈಸೂರಿನವರಿಗೆ ಅರಮನೆ ಎಂದರೆ ಪಕ್ಕದ ಬೀದಿಯ ವಿಚಾರ. “ಅಡುಗೆಮನೆ ಎಷ್ಟು ದೊಡ್ಡದಿತ್ತು ಕೇಳು” ಎನ್ನುವರು. ಅವರಿಗೆ ಗುಜರಾತಿ ಬರದು, ಬಾಗೆ ಕನ್ನಡ ಬರದು, ನಡುವೆ ನಾನು. ನನ್ನ ಗುಜರಾತಿಯೋ ತರಕಾರಿ ಗಾಡಿಯವನ ಹತ್ತಿರ ಕಲಿತದ್ದು. ಅದರಲ್ಲಿ ಅರಮನೆ ದಾಟಿಸುವುದು ಸುಲಭವಲ್ಲ.

ಗಣೇಶನ ಹಬ್ಬ ಕಳೆದ ಒಂದು ಮಧ್ಯಾಹ್ನ ಬಾ ನನ್ನನ್ನು ಕೆಳಗೆ ಕರೆದರು. ಮುಂದಿನ ಮೇ ತಿಂಗಳಿಗೆ ಅರಮನೆಯ ಊರಿಗೆ ಹೋಗಿ ಬರುವ ಏರ್ಪಾಟಾಗಿದೆ ಎಂದರು. ಆ ಜಾಗ ಈಗ ಪೋಲೆಂಡಿನಲ್ಲೇ ಇಲ್ಲ. ಯುದ್ಧವಾದ ಮೇಲೆ ಗಡಿ ಸರಿದು ಅದು ಸೋವಿಯತ್ ಪಾಲಾಯಿತು, ಈಗ ಸೋವಿಯತ್ತೂ ಹೋಗಿ ಹೊಸ ದೇಶ. ಮೊದಲು ಯಾರೂ ಒಳಗೆ ಬಿಡುತ್ತಿರಲಿಲ್ಲ, ಈಗ ಬಿಡುತ್ತಾರೆ.

“ಅರಮನೆ ನೋಡಲು ಹೋಗುತ್ತಿಲ್ಲ ಬೇಟಾ. ಅಲ್ಲಿ ನನ್ನ ತಮ್ಮನಿದ್ದಾನೆ” ಎಂದರು.

ಯುದ್ಧ ಶುರುವಾದಾಗ ಬಾಗೆ ಒಂಬತ್ತು ವರ್ಷ. ಅಪ್ಪ ಸೈನ್ಯದಲ್ಲಿ, ಎಲ್ಲಿದ್ದಾನೆಂದು ಗೊತ್ತಿಲ್ಲ. ಪಟ್ಟಣದ ಮೇಲೆ ಬಾಂಬು ಬಿದ್ದಾಗ ಬಸುರಿ ತಾಯಿ ಮಗಳನ್ನು ಕರೆದುಕೊಂಡು ಬೇಸಿಗೆಯ ಅರಮನೆಗೆ ಓಡಿದಳು. ಗಂಡುಮಗು ಅಲ್ಲೇ ಹುಟ್ಟಿತು, ಚಳಿಗಾಲದ ನಡುವೆ ಅಲ್ಲೇ ಹೋಯಿತು. ಅಮ್ಮ ಮಗುವನ್ನು ಸುತ್ತಿದ ಗಂಟು ಎತ್ತಿಕೊಂಡು ಮುಂದೆ ನಡೆದದ್ದು, ತಾನು ಹಿಂದೆ ಹೋದದ್ದು ಬಾಗೆ ನೆನಪಿದೆ. ಎಲ್ಲಿಗೆ ಹೋದೆವು ಎಂಬುದು ನೆನಪಿಲ್ಲ. ಕೇಳಲು ಭೂಮಿಯ ಮೇಲೆ ಈಗ ಯಾರೂ ಇಲ್ಲ.

“ಕಾಲು ನೋವಿನವಳು ನಾನು. ಹೋಗುವುದು ಒಂದು ಸಲ. ಅಷ್ಟು ದೊಡ್ಡ ತೋಪಿನಲ್ಲಿ ಯಾವ ಮರದ ಬುಡ ಎಂದು ಗೊತ್ತಿಲ್ಲದೆ ಹೋಗಿ ಏನು ಮಾಡಲಿ?” ಎಂದು ಒಂದು ಕಾಗದ ತೋರಿಸಿದರು. ಲೈಟ್ ಬಿಲ್ಲಿನ ಹಿಂದೆ ಅರಮನೆ, ಕೊಳ, ಮರಗಳ ಸಾಲು ಬರೆದು ಹೊಡೆದು ಬರೆದು ಹೊಡೆದು ಕಾಗದ ಹರಿದಿತ್ತು. ಆ ದಿನದಿಂದ ನಾನು ಅರಮನೆಯ ಬಗ್ಗೆ ನಗುವುದನ್ನು ಬಿಟ್ಟೆ. ಅತ್ತೆಗೆ ತಮ್ಮನ ವಿಷಯ ಹೇಳಲಿಲ್ಲ. ನವರಾತ್ರಿ ಹತ್ತಿರವಿತ್ತು, ಹಬ್ಬದ ಹೊಸ್ತಿಲಲ್ಲಿ ಮಗುವಿನ ಸಾವಿನ ಮಾತು ಎತ್ತಿದರೆ ಅವರು ಒಂದು ವಾರ ನನ್ನೊಡನೆ ಮುಖ ಕೊಟ್ಟು ಮಾತಾಡುವವರಲ್ಲ.

ನವರಾತ್ರಿ ಬಂತು. ಕೆಳಗೆ ಬೀದಿಯಲ್ಲಿ ಗರ್ಬಾದ ಪೆಂಡಾಲು, ಮೇಲೆ ನಮ್ಮ ಹಜಾರದಲ್ಲಿ ಗೊಂಬೆ. ಅತ್ತೆ ಮೈಸೂರಿನಿಂದ ಬರುವಾಗ ಪಾತ್ರೆ ಬಿಟ್ಟು ಬರಲು ಒಪ್ಪಿದ್ದರು, ಗೊಂಬೆಯ ಪೆಟ್ಟಿಗೆ ಬಿಟ್ಟು ಬರಲು ಒಪ್ಪಿರಲಿಲ್ಲ. ಟ್ರಂಕು, ಸ್ಟೂಲುಗಳನ್ನು ಜೋಡಿಸಿ ಬಿಳಿ ಪಂಚೆ ಹಾಸಿ ಮೆಟ್ಟಿಲು ಮಾಡಿ, ಮೇಲೆ ಕಳಸ, ಪಟ್ಟದ ರಾಜ ರಾಣಿ, ಕೆಳಗೆ ಸೆಟ್ಟಿ ಸೆಟ್ಟಮ್ಮ, ದಶಾವತಾರ. ಮೆಟ್ಟಿಲ ಮುಂದಿನ ನೆಲದಲ್ಲಿ ಮಕ್ಕಳ ಪಾರ್ಕು ಮಾಡುವುದು ನಮ್ಮಲ್ಲಿ ರೂಢಿ: ಮಣ್ಣು ಹರಡಿ ರಾಗಿ ಚೆಲ್ಲಿ ಮೊಳಕೆ ಬರಿಸಿ, ಕನ್ನಡಿ ಇಟ್ಟು ಕೊಳ ಮಾಡಿ, ಆಟದ ದನಕರು ನಿಲ್ಲಿಸುವುದು. ಪಾರ್ಕಿಗೆ ರಾಗಿ ಸಿಗಲಿಲ್ಲವೆಂದು ನನ್ನ ಮಗಳು ಅಳುತ್ತಿದ್ದುದನ್ನು ಕೇಳಿ ಬಾ ಒಂದು ತಟ್ಟೆ ಹಿಡಿದು ಮೆಟ್ಟಿಲು ಹತ್ತಿ ಬಂದರು. ಗುಜರಾತಿನವರು ನವರಾತ್ರಿಗೆ ದೇವಿಯ ಮುಂದೆ ಬೆಳೆಸುವ ಗೋಧಿಯ ಮೊಳಕೆ, ಜವಾರಾ. ಮಗಳು ಪಾರ್ಕೆಂದರೇನು ಎಂದು ಅರ್ಧ ಗುಜರಾತಿ ಅರ್ಧ ಹಿಂದಿಯಲ್ಲಿ ವಿವರಿಸಿದಳು. ಬಾ ಬಹಳ ಹೊತ್ತು ಮೆಟ್ಟಿಲ ಮುಂದಿನ ಖಾಲಿ ನೆಲವನ್ನೇ ನೋಡಿದರು.

ನನ್ನ ಕಡೆ ತಿರುಗಿ, “ಈ ಸಲ ಪಾರ್ಕು ನಾನು ಮಾಡಲೇ? ಕಾಗದದಲ್ಲಿ ಆಗದ್ದು ಮಣ್ಣಿನಲ್ಲಿ ಆದೀತು” ಎಂದರು.

ಅತ್ತೆಗೆ ನಾನು, “ಬಾ ಅವರ ಊರಿನ ಅರಮನೆ ಮಾಡ್ತಾರಂತೆ” ಎಂದಷ್ಟೇ ಹೇಳಿದೆ. ಅತ್ತೆಗೆ ಸಂತೋಷವೇ ಸಂತೋಷ. “ಮಾಡ್ಲಿ ಮಾಡ್ಲಿ. ಗೊಂಬೆ ಅಂದ ಮೇಲೆ ಅರಮನೆ ಇರ್ಲೇಬೇಕು” ಎಂದು ತಾವೇ ಹಳೆಯ ಕೇರಂ ಬೋರ್ಡನ್ನು ಬೋರಲು ಹಾಕಿ, ಪ್ಲಾಸ್ಟಿಕ್ ಹಾಸಿ ಕೊಟ್ಟರು.

ಅದರ ಮೇಲೆ ಬಾ ಅರಮನೆ ಎಬ್ಬಿಸಿದರು. ಗೋಡೆಗೆ ಚಪ್ಪಲಿ ಡಬ್ಬಿ. ಕಂಬಕ್ಕೆ ನನ್ನ ಮಗಳ ಸೀಮೆಸುಣ್ಣ. ಉಡುಪಿ ಹೋಟೆಲಿನವರು ಅತ್ತೆಗೆ ಪ್ರೀತಿಯಿಂದ ಕಳಿಸುತ್ತಿದ್ದ ಕರಿಬೇವಿನ ಕಡ್ಡಿಗಳು ಮರಗಳ ಸಾಲಾದವು. ನನ್ನ ಕೈಗನ್ನಡಿ ಕೊಳವಾಯಿತು. ನೋಡುವವರ ಕಡೆಗೆ ಕಂಬಗಳ ಮುಖ, ಅದರ ಮುಂದೆ ತೋಟ, ತೋಟದ ತುಂಬ ಜವಾರಾ. ಅರಮನೆಯ ಹಿಂದೆ ಒಂದು ಬೆಂಕಿಪೊಟ್ಟಣವನ್ನು ಅಡುಗೆಮನೆಯೆಂದು ಅಂಟಿಸಿ, ಹಿತ್ತಿಲಿಗೆ ನಾಲ್ಕು ಬೆರಳಗಲ ಬಿಟ್ಟರು. ಗೊಂಬೆ ನೋಡಲು ಬಂದ ಬೀದಿಯ ಮಕ್ಕಳು ಬಾಗಿನದ ಉಸಲಿ ತಿನ್ನುತ್ತ ದಶಾವತಾರದ ಕಡೆ ನೋಡದೆ ಅರಮನೆಯನ್ನೇ ನೋಡುತ್ತಿದ್ದರು. ಅತ್ತೆಗೆ ಇದರಿಂದ ಸ್ವಲ್ಪ ಮುನಿಸೂ ಆಯಿತು ಅನ್ನಿ.

ಬಾ ಮಾತ್ರ ದಿನದಿನಕ್ಕೆ ಇಳಿದುಹೋದರು. ಬೆಳಗ್ಗೆ ಬಂದು ಬೋರ್ಡಿನ ಮುಂದೆ ಕೂತು, ಕರಿಬೇವಿನ ಕಡ್ಡಿ ಕಿತ್ತು ಬೇರೆ ಕಡೆ ನೆಡುವರು. ಕೊಳವನ್ನು ಆಚೆ ಸರಿಸುವರು. ಕಣ್ಣು ಮುಚ್ಚಿ ಬೆರಳನ್ನು ಅರಮನೆಯ ಮೆಟ್ಟಿಲಿನಿಂದ ಇಳಿಸಿ ಮರಗಳ ನಡುವೆ ನಡೆಸುವರು. ಬೆರಳು ಎಲ್ಲೋ ನಿಂತುಬಿಡುತ್ತಿತ್ತು. “ಇಲ್ಲಿ ಚೆಂಡಾಡಿದ್ದು ನೆನಪಾಗುತ್ತದೆ. ಇಲ್ಲಿ ಚಿಕ್ಕಮ್ಮ ಚಿತ್ರ ಬರೆಯುತ್ತಿದ್ದದ್ದು. ಎಲ್ಲ ಬೇಸಿಗೆಯದೇ. ಅವನು ಎಲ್ಲೂ ಇಲ್ಲ” ಎಂದು ಒಂದು ದಿನ ಸಿಟ್ಟಿನಿಂದ ಒಂದಿಡೀ ಸಾಲು ಕಿತ್ತು ಹಾಕಿದರು. ಆ ಸಿಟ್ಟು ಯಾರ ಮೇಲೆ ಎಂದು ನನಗೆ ಗೊತ್ತಿತ್ತು. ಒಂಬತ್ತು ವರ್ಷದ ಆ ಹುಡುಗಿಯ ಮೇಲೆ, ನೋಡಿಯೂ ನೋಡದೆ ನಡೆದವಳ ಮೇಲೆ. ನನ್ನ ಮಗಳು ಅವಳಿಗಿಂತ ಮೂರೇ ವರ್ಷ ಚಿಕ್ಕವಳು. ಅವಳು ದಾರಿಯಲ್ಲಿ ಏನು ನೋಡುತ್ತಾಳೆ, ಏನು ನೆನಪಿಡುತ್ತಾಳೆ ಎಂದು ಯೋಚಿಸಿದೆ.

ಸರಸ್ವತಿ ಪೂಜೆಯ ದಿನ ಅತ್ತೆ ಬೆಳಗ್ಗೆಯೇ ಮಡಿಯುಟ್ಟು ಪುಸ್ತಕಗಳನ್ನಿಡಲು ಜಾಗ ಮಾಡುತ್ತಿದ್ದರು. ನಾನು ಅಡುಗೆಮನೆಯಿಂದ ಬರುವಷ್ಟರಲ್ಲಿ ಕೇರಂ ಬೋರ್ಡು ತಿರುಗಿಹೋಗಿತ್ತು. ಕಂಬಗಳು ಕಳಸದ ಕಡೆಗೆ, ಬೆಂಕಿಪೊಟ್ಟಣ ನಮ್ಮ ಕಡೆಗೆ.

“ಅಯ್ಯೋ ಅತ್ತೆ! ಅದನ್ನ ಅವರು ಅಷ್ಟು ಕಷ್ಟಪಟ್ಟು ಇಟ್ಟಿದ್ರು!”

“ಕಷ್ಟಪಟ್ಟು ಇಟ್ಟಿದ್ರೆ ಹಾಗೇ ಇದೆ, ನಾನೇನು ಕಿತ್ತು ಹಾಕಿಲ್ಲ. ಎಷ್ಟು ದಿನದಿಂದ ನೋಡ್ತಿದ್ದೀನಿ, ಅರಮನೆ ಕಳಸಕ್ಕೆ ಬೆನ್ನು ಹಾಕ್ಕೊಂಡು ಕೂತಿದೆ. ಯಾವ ದೊರೆಯಾದ್ರೇನು, ದೇವರಿಗೆ ಬೆನ್ನು ತೋರಿಸ್ಬೋದಾ? ಇವತ್ತು ಪುಸ್ತಕ ಬೇರೆ ಇಡ್ಬೇಕು.”

ಇನ್ನು ವಾದ ಮಾಡಿ ಪ್ರಯೋಜನವಿರಲಿಲ್ಲ. ಬಾ ಬರುವುದರೊಳಗೆ ಮತ್ತೆ ತಿರುಗಿಸಬೇಕೆಂದು ನಾನು ಸಮಯ ಕಾಯುತ್ತಿದ್ದೆ. ಅಷ್ಟರಲ್ಲಿ ಬಾ ಬಂದೇಬಿಟ್ಟರು.

ಬಾಗಿಲಲ್ಲೇ ನಿಂತರು. ಬೈಯುತ್ತಾರೆ ಎಂದುಕೊಂಡೆ. ಬೈಯಲಿಲ್ಲ. ಗೋಡೆ ಹಿಡಿದು ನಿಧಾನವಾಗಿ ಬಂದು ನೆಲದ ಮೇಲೆ ಕೂತರು. ಅವರ ಎದುರಿಗೆ ಈಗ ತೋಟವಿಲ್ಲ, ಕೊಳವಿಲ್ಲ, ಕಂಬಗಳಿಲ್ಲ. ಚಪ್ಪಲಿ ಡಬ್ಬಿಯ ಹಿಂದುಗಡೆ, ಅಡುಗೆಮನೆ, ನಾಲ್ಕು ಬೆರಳಗಲದ ಹಿತ್ತಿಲು.

ಕೈ ಚಾಚಿ ಅತ್ತೆಯ ಬುಟ್ಟಿಯಿಂದ ಹತ್ತಿ ತೆಗೆದುಕೊಂಡರು. ಅದು ಮಡಿಯ ಹತ್ತಿ, ದೇವರ ಬತ್ತಿಗೆ ಬಿಡಿಸಿಟ್ಟದ್ದು. ನಾನು ಮುಟ್ಟಿದರೂ ಅತ್ತೆ ಸುಮ್ಮನಿರುವವರಲ್ಲ. ಆದರೆ ಬಾ ಮುಖದಲ್ಲಿ ಏನು ಕಂಡರೋ, ಅತ್ತೆ ಬುಟ್ಟಿಯನ್ನು ಅವರ ಕಡೆಗೇ ಸರಿಸಿದರು. ಬಾ ಹತ್ತಿಯನ್ನು ಎಳೆ ಎಳೆಯಾಗಿ ಹಿಂಜಿ ಹಿತ್ತಿಲಿಗೆ ಹೊದಿಸಿದರು. ಬೋರ್ಡಿನ ಅಂಚು ಮುಗಿಯಿತು. ಅವರು ನಿಲ್ಲಿಸಲಿಲ್ಲ. ಅಂಚು ದಾಟಿ ನಮ್ಮ ಹಜಾರದ ಮೊಸಾಯಿಕ್ ನೆಲದ ಮೇಲೂ ಹತ್ತಿ ಹಾಸುತ್ತ ಹೋದರು. ಆಮೇಲೆ ಬೆಂಕಿಪೊಟ್ಟಣದ ಬಾಗಿಲಿನಿಂದ ಬೆರಳನ್ನು ಹೊರಡಿಸಿದರು. ಬೆರಳು ಹತ್ತಿಯ ಮೇಲೆ ನೆಟ್ಟಗೆ ನಡೆದು, ಬೋರ್ಡು ಇಳಿದು, ಎಡಕ್ಕೆ ಹೊರಳಿ ನಿಂತಿತು.

“ಒಂದು ತೆಂಗಿನ ಕರಟ ಕೊಡು” ಎಂದರು ನನಗೆ. ಕೊಟ್ಟೆ. ಬೆರಳು ನಿಂತಲ್ಲಿ ಕರಟವನ್ನು ಬೋರಲು ಹಾಕಿದರು. ಹಿಮದ ನಡುವೆ ಒಂದು ದಿಬ್ಬ.

“ಮಂಜುಗಡ್ಡೆಯ ಮನೆ” ಎಂದರು. “ಐಸು ಇಡುತ್ತಿದ್ದ ನೆಲಮಾಳಿಗೆ ಇದರ ಅಡಿಯಲ್ಲೇ. ಬೇಸಿಗೆಯಲ್ಲಿ ಈ ಹಿಂದಿನ ಬಾಗಿಲಿಗೆ ನಮ್ಮನ್ನು ಬಿಡುತ್ತಲೇ ಇರಲಿಲ್ಲ, ಇದು ಆಳುಗಳ ಬಾಗಿಲು. ಆ ಚಳಿಗಾಲದಲ್ಲಿ ನಮಗೆ ಇದೊಂದೇ ಬಾಗಿಲು. ಬೆಂಕಿ ಇದ್ದದ್ದು ಅಡುಗೆಮನೆಯಲ್ಲಿ ಮಾತ್ರ, ಅಲ್ಲೇ ಮಲಗುತ್ತಿದ್ದೆವು. ಅವನು ಹೋದ ದಿನ ಅಮ್ಮ ಅಗೆಯಲು ನೋಡಿದಳು. ಸಲಿಕೆ ಠಣ್ಣೆನ್ನುತ್ತಿತ್ತು, ಮಣ್ಣು ಏಳಲಿಲ್ಲ. ಕಾವಲಿನ ಮುದುಕ, ‘ಅಮ್ಮಾ, ನೆಲ ಕಲ್ಲಾಗಿದೆ, ಹಿಮ ಕರಗಲಿ, ಆಗ ಮಾಡೋಣ’ ಎಂದ. ಅಲ್ಲಿಯವರೆಗೆ ಅಂತ ಇಲ್ಲಿ ಇಟ್ಟೆವು. ಹುಲ್ಲಿನೊಳಗೆ.”

ಕರಟದ ಮೇಲೂ ಒಂದೆಳೆ ಹತ್ತಿ ಹೊದಿಸಿದರು.

“ಹಿಮ ಕರಗುವ ಮೊದಲೇ ಸೈನಿಕರು ಬಂದರು. ನಸುಕಿನಲ್ಲಿ ಗಾಡಿಗೆ ಹತ್ತಿಸಿದರು. ಅಮ್ಮ ಆ ಕಡೆ ಓಡಲು ನೋಡಿದಳು, ಬಂದೂಕು ಅಡ್ಡ ಹಿಡಿದರು. ಐವತ್ತು ವರ್ಷದಿಂದ ಗೋರಿ ಎಲ್ಲಿ, ಗೋರಿ ಎಲ್ಲಿ ಎಂದು ಹುಡುಕುತ್ತಿದ್ದೇನೆ ನೋಡು. ಗೋರಿಯೇ ಇಲ್ಲ.”

ಬಾ ಅತ್ತದ್ದನ್ನು ನಾನು ಕಂಡದ್ದು ಅದೊಂದೇ ಸಲ. ಸೆರಗು ಬಾಯಿಗೆ ಒತ್ತಿಕೊಂಡು, ಸದ್ದಿಲ್ಲದೆ ಅತ್ತರು. ನನ್ನ ಮಗಳು ಹೆದರಿ ನನ್ನ ಹಿಂದೆ ಬಂದು ನಿಂತಳು.

“ಏನಂತೆ?” ಎಂದರು ಅತ್ತೆ.

ಸುಳ್ಳು ಹೇಳೋಣವೆನ್ನಿಸಿತು. ಕಳಸದ ಎದುರು, ಮಡಿಯುಟ್ಟು ನಿಂತವರಿಗೆ ಏನೆಂದು ಹೇಳುವುದು? ಆದರೆ ಆ ಕರಟವನ್ನು ನೋಡುತ್ತ ಸುಳ್ಳು ಹುಟ್ಟಲಿಲ್ಲ. ಎಲ್ಲ ಹೇಳಿದೆ.

ಅತ್ತೆ ಕಳಸದ ಕಡೆ ಒಂದು ಸಲ ನೋಡಿದರು. ಮತ್ತೆ ಬಂದು ಬಾ ಪಕ್ಕದಲ್ಲಿ ಕೂತು, ಮಡಿಯೆನ್ನದೆ ಅವರ ಕೈ ಹಿಡಿದುಕೊಂಡರು. “ನೆಲ ಕಲ್ಲಾಗಿದ್ರೆ ಹೆತ್ತವಳು ಏನು ಮಾಡ್ತಾಳೆ ಪಾಪ” ಎಂದರು. ಅದನ್ನು ನಾನು ಅನುವಾದಿಸಲಿಲ್ಲ.

ಬಾ ಕಣ್ಣೊರೆಸಿಕೊಂಡು, ಇನ್ನು ಹೋಗುವುದಿಲ್ಲ, ಟಿಕೆಟ್ಟು ಬೇಡವೆಂದು ಮಗನಿಗೆ ಫೋನ್ ಮಾಡುತ್ತೇನೆ ಎಂದರು. “ಗೋರಿಯೆಂದರೆ ಕಲ್ಲು ನೆಡಿಸುತ್ತಿದ್ದೆ, ಹೂವಿಡುತ್ತಿದ್ದೆ. ಮಗುವನ್ನು ಕತ್ತಲೆಯಲ್ಲಿ ಇಟ್ಟು ಬಂದ ಜಾಗಕ್ಕೆ ಯಾವ ಮುಖ ಹೊತ್ತು ಹೋಗಲಿ?”

ಇದನ್ನು ಅತ್ತೆಗೆ ಹೇಳಿದೆ. ಅವರಿಗೆ ಸಿಟ್ಟೇ ಬಂತು.

“ಹೇಳು ಅವರಿಗೆ. ಆ ತಾಯಿ ಬಿಸಾಕಿ ಬಂದಿಲ್ಲ. ಆಮೇಲೆ ಬಂದು ಮಾಡ್ತೀನಿ ಅಂತ ಇಟ್ಟಿದ್ದಾಳೆ. ಅವಳ ಕೈಲಿ ಆಗ್ಲಿಲ್ಲ. ಅಕ್ಕ ಇದ್ದಾಳಲ್ಲ, ಅಕ್ಕ ಮುಗಿಸ್ಲಿ. ಹೋಗಿ ಒಂದು ಹಿಡಿ ಮಣ್ಣು ಹಾಕಿ ಬರ್ಲಿ. ಇದಕ್ಕೆ ವರ್ಷದ ಲೆಕ್ಕ ಇಲ್ಲ.”

ನನ್ನ ತರಕಾರಿ ಗುಜರಾತಿಯಲ್ಲಿ ಇದಕ್ಕೆಲ್ಲ ಮಾತು ಇರಲಿಲ್ಲ. ಅಮ್ಮನ ಕೆಲಸ ಅರ್ಧ ಆಗಿದೆ, ಉಳಿದರ್ಧ ನೀವು ಮಾಡಿ, ಮಣ್ಣು ಹಾಕಿ ಬನ್ನಿ ಎಂದು ಹೇಗೋ ಹೇಳಿದೆ. ಬಾ ಅತ್ತೆಯನ್ನೇ ನೋಡುತ್ತಿದ್ದರು. ಆಮೇಲೆ ಎದ್ದು ಕೆಳಗೆ ಹೋದರು. ಫೋನ್ ಮಾಡುತ್ತಾರೋ ಬಿಡುತ್ತಾರೋ ಎಂದು ನಾನು ಇಡೀ ಸಂಜೆ ಕಿವಿ ಕೆಳಗಿಟ್ಟುಕೊಂಡಿದ್ದೆ. ಗರ್ಬಾದ ಗಲಾಟೆಯಲ್ಲಿ ಏನೂ ಕೇಳಿಸಲಿಲ್ಲ.

ಹತ್ತಿಯನ್ನೂ ಕರಟವನ್ನೂ ವಿಜಯದಶಮಿಯವರೆಗೆ ಯಾರೂ ಮುಟ್ಟಬಾರದೆಂದು ಅತ್ತೆ ಮಗಳಿಗೆ ಕಟ್ಟಪ್ಪಣೆ ಮಾಡಿದರು. ಗೊಂಬೆ ನೋಡಲು ಬಂದವರು ಇದೇನೆಂದು ಕೇಳಿದರೆ, “ಅವರ ಊರಲ್ಲಿ ಹಿಮ ಬೀಳುತ್ತೆ” ಎನ್ನುತ್ತಿದ್ದರು. ಸೂತಕದ ಮಾತು ನಾನೇ ಅಳುಕುತ್ತ ಎತ್ತಿದಾಗ, “ಕೂಸಿಗೆ ಎಂಥ ಸೂತಕ, ಹೋಗೇ” ಎಂದು ಬೈಸಿಕೊಂಡೆ.

ಬಾ ಟಿಕೆಟ್ಟು ಬಿಡಿಸಲಿಲ್ಲ. ಮೇ ತಿಂಗಳ ಸುಡುಬಿಸಿಲಿನಲ್ಲಿ ಅಹಮದಾಬಾದಿಗೆ ಹೋಗಿ ವಿಮಾನ ಹತ್ತಿದರು. ಬೀಳ್ಕೊಡಲು ಹೋದ ನನಗೆ, ಹಿಂದಿನ ಟ್ಯಾಂಕಿಗೆ ನೀರು ಬಿಡುವುದು ಮರೆಯಬೇಡ ಎಂದು ಎರಡು ಸಲ ಹೇಳಿ ಒಳಗೆ ನಡೆದರು. ಅವರಿಲ್ಲದ ದಿನಗಳಲ್ಲಿ ಅತ್ತೆ ದಿನಕ್ಕೊಮ್ಮೆ, “ತಲುಪಿರ್ಬೇಕಲ್ವಾ? ಸಿಕ್ಕಿರ್ಬೇಕಲ್ವಾ?” ಎಂದು ಕೇಳುವರು. ನನಗೇನು ಗೊತ್ತು ಎಂದು ನಾನು ರೇಗುವೆ. ರೇಗಿದರೂ ನನ್ನ ಮನಸ್ಸಿನಲ್ಲೂ ಅದೇ.

ಮೊದಲ ಮಳೆ ಬೀಳುವ ಹೊತ್ತಿಗೆ ಬಂದರು. ಬಂದ ಸಂಜೆಯೇ ಮೇಲೆ ಹತ್ತಿ ಬಂದು ಅತ್ತೆಯ ಎದುರು ಕೂತರು. ಅರಮನೆ ಯುದ್ಧವಾದ ಮೇಲೆ ಟ್ರ್ಯಾಕ್ಟರ್ ರಿಪೇರಿ ಕಲಿಸುವ ಶಾಲೆಯಾಗಿತ್ತಂತೆ, ಈಗ ಅದೂ ಮುಚ್ಚಿದೆ. ಕಂಬಗಳ ಬಣ್ಣ ಉದುರಿ ಒಳಗಿನ ಮರ ಕಾಣುತ್ತದೆ. ನೃತ್ಯದ ಹಜಾರದಲ್ಲಿ ಆಲೂಗಡ್ಡೆಯ ಮೂಟೆ. ಇದನ್ನೆಲ್ಲ ಬೇರೆ ಯಾರದೋ ಮನೆಯ ವಿಷಯ ಎಂಬಂತೆ ಬೇಗ ಬೇಗ ಹೇಳಿ ಮುಗಿಸಿದರು.

“ಮುಂದಿನಿಂದ ಹೋಗಲೇ ಇಲ್ಲ. ಸುತ್ತಿಕೊಂಡು ಹಿಂದೆ ಹೋದೆ, ಅಡುಗೆಮನೆಯ ಬಾಗಿಲಿಗೆ ಬೆನ್ನು ಕೊಟ್ಟು ನಿಂತೆ. ಕಾಲು ತಾನೇ ನಡೆಯಿತು. ದಿಬ್ಬ ಇದೆ. ಯಾವ ವರ್ಷವೋ ಛಾವಣಿ ಕುಸಿದು ಒಳಗೆಲ್ಲ ಮಣ್ಣು ತುಂಬಿಬಿಟ್ಟಿದೆ. ಅವನಿಗೆ ಮಣ್ಣು ಯಾವಾಗಲೋ ಸಿಕ್ಕಿದೆ.” ನಾನು ಅನುವಾದಿಸಿದೆ. ಅತ್ತೆ ಕೈಮುಗಿದರು.

ತಾವೂ ಒಂದು ಹಿಡಿ ಹಾಕಿದರಂತೆ. ಆಮೇಲೆ ಪ್ರಾರ್ಥನೆ ಹೇಳಬೇಕಿತ್ತು. ತಿಂಗಳುಗಟ್ಟಲೆ ಪೋಲಿಷ್ ಪ್ರಾರ್ಥನೆಯನ್ನು ಬಾಯಿಪಾಠ ಮಾಡಿಕೊಂಡು ಹೋಗಿದ್ದರು. ಅಲ್ಲಿ ನಿಂತರೆ ಒಂದು ಶಬ್ದವೂ ಬರಲಿಲ್ಲ. ಜೊತೆಗೆ ಬಂದಿದ್ದ ಆ ಊರಿನ ಹೆಂಗಸು ಕಾಯುತ್ತಿದ್ದಳು.

ಬಾ ನಾಚಿಕೆಯಿಂದ ತಲೆ ತಗ್ಗಿಸಿದರು. “ಜೀವಮಾನದಲ್ಲಿ ನಾನು ಮಕ್ಕಳನ್ನು ಮಲಗಿಸಿದ್ದು ಒಂದೇ ಭಾಷೆಯಲ್ಲಿ ಬೆಹನ್. ಬಾಯಿಗೆ ಅದೇ ಬಂತು. ಸೂಯಿ ಜಾ ದೀಕರಾ, ಸೂಯಿ ಜಾ ಎಂದುಬಿಟ್ಟೆ. ಆ ದೇಶದಲ್ಲಿ, ಗುಜರಾತಿಯಲ್ಲಿ! ಅವನಿಗೆ ಏನು ತಿಳಿದಿರುತ್ತದೆ?”

ಮಲಗು ಮಗನೇ, ಮಲಗು. ಅತ್ತೆಗೆ ಹೇಗೆ ಹೇಳಲಿ ಎಂದು ನಾನು ಮಾತು ಹುಡುಕುತ್ತಿದ್ದೆ. ಅತ್ತೆ ನನಗಾಗಿ ಕಾಯಲಿಲ್ಲ. ಬಾ ಕೈ ಹಿಡಿದುಕೊಂಡು ಕನ್ನಡದಲ್ಲೇ, “ಮಲಗಿರ್ತಾನೆ ಬಿಡಿ, ಈಗ ಮಲಗಿರ್ತಾನೆ” ಎಂದರು.